ನೂರಕ್ಕೆ ಮೂರು

ಲ್ಯಾಬ್ ಮೇಷ್ಟ್ರು ವಾದದಲ್ಲಿ ಸೋತದ್ದನ್ನು ಕಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ನಿಜ ಹೇಳಬೇಕೆಂದರೆ ಅವರು ಮೇಷ್ಟ್ರೂ ಆಗಿರಲಿಲ್ಲ. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವರು. ಮಸೂರ ಒರೆಸುವುದು, ಲೋಲಕದ ಗುಂಡಿಗೆ ದಾರ ಕಟ್ಟುವುದು, ಸಂಜೆ ಕಪಾಟಿಗೆ ಬೀಗ ಹಾಕಿ ಕೀಲಿ ಒಪ್ಪಿಸುವುದು, ಇಷ್ಟೇ ಅವರ ಕೆಲಸ. ಪಾಠ ಹೇಳುವವರು ಬಂದರು, ಹೋದರು. ಇವರು ಹಿಂದಿನ ಬಾಗಿಲ ಬಳಿ ನಿಂತು ಅದೇ ಪಾಠವನ್ನು ಮೂವತ್ತೊಂದು ಸಲ ಕೇಳಿಸಿಕೊಂಡರು. ನಿವೃತ್ತಿಯಾದ ಮೇಲೆ ಯಾರೋ ಒಬ್ಬರು ಬಾಯಿತಪ್ಪಿ "ಮೇಷ್ಟ್ರೇ" ಅಂದರು. ಇವರು ತಿದ್ದಲಿಲ್ಲ. ಹೆಸರು ಹಾಗೇ ಅಂಟಿಕೊಂಡಿತು.

ಪ್ರತಿ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಕ್ಷೌರದಂಗಡಿಯಲ್ಲಿ ಸಭೆ ಸೇರುತ್ತಿತ್ತು. ಅಂಗಡಿಗೆ ಅವತ್ತು ರಜೆ. ಯಜಮಾನನಿಗೆ ವಿಶ್ವದಲ್ಲಿ ಕಪ್ಪುಕುಳಿ ಬಿಟ್ಟರೆ ಬೇರೆ ವಿಷಯವೇ ಇಲ್ಲ. ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತಲೇ ಬೆಳಕು ಕೂಡ ತಪ್ಪಿಸಿಕೊಳ್ಳಲಾಗದ ಜಾಗದ ಬಗ್ಗೆ ಹೇಳಲು ಶುರುಮಾಡಿದರೆ, ಗಿರಾಕಿಯೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಹೀಗಾಗಿ ಅವನನ್ನೇ ಎಲ್ಲರೂ ಕಪ್ಪುಕುಳಿ ಅನ್ನುತ್ತಿದ್ದರು. ಮೂರು ತಿರುಗುವ ಕುರ್ಚಿಗಳನ್ನು ಕನ್ನಡಿಗೆ ಬೆನ್ನು ಮಾಡಿ ತಿರುಗಿಸಿದರೆ ಅವೇ ವಾದಿಗಳ ಪೀಠ. ಉಳಿದವರಿಗೆ ಬೆಂಚು. ಮಹಾಸ್ಫೋಟಕ್ಕಿಂತ ಮುಂಚೆ ಏನಿತ್ತು, ವಿಶ್ವಕ್ಕೆ ಅಂಚಿದ್ದರೆ ಅದರಾಚೆ ಕೈ ಚಾಚಬಹುದೇ, ಕಾಲ ಹಿಂದಕ್ಕೆ ಯಾಕೆ ಹರಿಯುವುದಿಲ್ಲ, ಇಂಥವೆಲ್ಲ ಅಲ್ಲಿ ತೀರ್ಮಾನವಾಗುತ್ತಿದ್ದವು. ಪುಸ್ತಕ ಓದಿದವರು ಒಂದಿಬ್ಬರು ಇದ್ದರೂ ಕೊನೆಯ ಮಾತು ಮೇಷ್ಟ್ರದ್ದೇ. ಎದುರಿನವರು ಎಷ್ಟೇ ಗಟ್ಟಿ ಮಾತಾಡಲಿ, ಇವರು ಒಂದು ಹೋಲಿಕೆ ಎಸೆದು ಬೆಂಚನ್ನು ನಗಿಸಿಬಿಡುತ್ತಿದ್ದರು. ನಗು ಬಿದ್ದ ಕಡೆ ಗೆಲುವು.

ಎರಡು ವರ್ಷದಿಂದ ಟೈಪಿಸ್ಟಮ್ಮನೂ ಬರುತ್ತಿದ್ದರು. ಬಂದರಿನ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗಾಳಿ, ಉಬ್ಬರ, ಹಡಗುಗಳ ವರದಿ ಟೈಪ್ ಮಾಡಿ ನಿವೃತ್ತರಾದವರು. ಬೆಂಚಿನ ತುದಿಯಲ್ಲಿ ಕೂತು ಕೇಳುವುದೇ ಹೆಚ್ಚು. ಮಾತಾಡಿದರೂ ಒಂದು ಸಲ, ಮೆತ್ತಗೆ. ಎರಡನೇ ಸಲ ಹೇಳಿದವರಲ್ಲ.

ಆ ವರ್ಷ ದಡದಿಂದ ಅರವತ್ತೈದು ಕಿಲೋಮೀಟರ್ ದೂರದಲ್ಲಿ, ಕಡಲ ತಳದಲ್ಲಿದ್ದ ಎಣ್ಣೆಬಾವಿಯ ಬಾಯಿ ಒಡೆಯಿತು. ಒಂದು ಶನಿವಾರ ಒಡೆದದ್ದು, ಮಂಗಳವಾರವಾದರೂ ಮುಚ್ಚಲಾಗಿರಲಿಲ್ಲ. ಟಿವಿಯಲ್ಲಿ ಮೇಲಿಂದ ತೆಗೆದ ಚಿತ್ರ ತೋರಿಸುತ್ತಿದ್ದರು. ನೀಲಿ ನೀರಿನ ಮೇಲೆ ಕರಿಮಚ್ಚೆ, ದಿನದಿಂದ ದಿನಕ್ಕೆ ಅಗಲವಾಗುತ್ತಿತ್ತು.

ಆ ಮಂಗಳವಾರ ಕ್ಷೌರದಂಗಡಿ ತುಂಬಿ ಬಾಗಿಲಾಚೆಗೂ ಜನ ನಿಂತರು. ಇಷ್ಟು ದಿನ ವಿಶ್ವದ ಅಂಚಿನ ಬಗ್ಗೆ ತಲೆ ಕೆಡಿಸಿಕೊಳ್ಳದ ದೋಣಿಯವರೂ ಬಂದಿದ್ದರು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಹತ್ತು ಮನೆಯವರು ತೆಪ್ಪಗಳನ್ನು ತೇಲಿಬಿಟ್ಟು, ಅವುಗಳಿಂದ ಇಳಿಬಿಟ್ಟ ಹಗ್ಗಗಳ ಮೇಲೆ ಚಿಪ್ಪುಮೀನು ಬೆಳೆಸುತ್ತಿದ್ದರು. ಮೇಷ್ಟ್ರ ಮಗಳು, ಅಳಿಯನದೂ ಅದರಲ್ಲೊಂದು ಮನೆ; ಮೇಷ್ಟ್ರು ಇರುತ್ತಿದ್ದದ್ದು ಅದರ ಮಹಡಿಯಲ್ಲೇ. ನಾಲ್ಕು ತೆಪ್ಪ, ಒಂದು ದೋಣಿ. ಅಳಿಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅವನಿಗೆ ಗೊತ್ತಾಗಬೇಕಿದ್ದದ್ದು ಒಂದೇ, ಎಣ್ಣೆ ಇಲ್ಲಿಗೆ ಬರುತ್ತದೆಯೇ ಇಲ್ಲವೇ.

ಮೇಷ್ಟ್ರು ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ ಎಲ್ಲರನ್ನೂ ನೋಡಿದರು.

"ಎಣ್ಣೆಗೆ ಕಾಲಿಲ್ಲ. ತಾನಾಗಿ ಎಲ್ಲಿಗೂ ಹೋಗಲ್ಲ. ನೀರಿನ ಮೇಲೆ ಕೂತಿರತ್ತೆ, ನೀರು ಹೋದ ಕಡೆ ಹೋಗತ್ತೆ. ಬಸ್ಸಲ್ಲಿ ಕೂತೋನು ಬಸ್ಸು ಹೋದ ಊರಿಗೇ ತಾನೇ ಹೋಗೋದು? ಈ ತಿಂಗಳು ಪ್ರವಾಹ ಯಾವ ಕಡೆ?"

"ದಕ್ಷಿಣಕ್ಕೆ" ಅಂದರು ದೋಣಿಯವರು.

"ಅಷ್ಟೇ ಮತ್ತೆ. ಬಸ್ಸು ದಕ್ಷಿಣಕ್ಕೆ ಹೊರಟಿದೆ. ನಮ್ಮೂರಲ್ಲಿ ಸ್ಟಾಪೇ ಇಲ್ಲ."

ಬೆಂಚು ನಕ್ಕಿತು. ಆ ನಗುವಿನಲ್ಲಿ ನಿರಾಳವೂ ಇತ್ತು. ಆಗ ತುದಿಯಿಂದ ಟೈಪಿಸ್ಟಮ್ಮ ಅಂದರು: "ಎಣ್ಣೆ ಮೇಲೆ ಇರತ್ತಲ್ಲ ಮೇಷ್ಟ್ರೇ, ಅದಕ್ಕೆ ಗಾಳಿಯೂ ತಗುಲತ್ತೆ. ದೋಣಿಗಳಿಂದ ಡೀಸೆಲ್ ಚೆಲ್ಲಿದಾಗೆಲ್ಲ ವರದಿ ನಾನೇ ಟೈಪ್ ಮಾಡ್ತಿದ್ದೆ. ಗಾಳಿಯ ವೇಗದಲ್ಲಿ ನೂರಕ್ಕೆ ಮೂರು ಪಾಲು ಎಣ್ಣೆಗೆ ಬರತ್ತೆ ಅಂತ ಇರ್ತಿತ್ತು. ಈಗ ಗಾಳಿ ನೆಲದ ಕಡೆಯಿಂದ ಬೀಸ್ತಿದೆ, ಸರಿ. ತಿರುಗಿದ್ರೆ?"

ಮೇಷ್ಟ್ರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಆ ಕುರ್ಚಿಯಿಂದ ಅವರು ಒಂದು ಸಲವೂ ಹೇಳಿರಲಿಲ್ಲ.

"ನೂರಕ್ಕೆ ಮೂರಾ? ನೂರಕ್ಕೆ ಮೂರು ಮಾರ್ಕ್ಸ್ ತಗೊಂಡೋರನ್ನ ಯಾವ ಪರೀಕ್ಷೇಲಿ ಪಾಸ್ ಮಾಡ್ತಾರಮ್ಮ?"

ಅಂಗಡಿಯ ಗಾಜು ಅದುರುವ ಹಾಗೆ ಜನ ನಕ್ಕರು. ಕಪ್ಪುಕುಳಿಯಂತೂ ಟವೆಲಿನಲ್ಲಿ ಕಣ್ಣೊರೆಸಿಕೊಂಡ. ನಗು ಇಳಿಯುವ ಮುಂಚೆಯೇ ಮೇಷ್ಟ್ರು ಇನ್ನೊಂದು ಮಾತು ಸೇರಿಸಿದರು: "ಟೈಪ್ ಮಾಡೋದು ಬೇರೆ, ಭೌತಶಾಸ್ತ್ರ ಬೇರೆ."

ಟೈಪಿಸ್ಟಮ್ಮ ಕೈಚೀಲದ ಜಿಪ್ಪು ಎಳೆದರು. ಮುಖ ಕೆಂಪಾಗಿತ್ತು. 

ಮನೆಗೆ ಬರುವ ದಾರಿಯಲ್ಲಿ ಅಳಿಯ ಕೇಳಿದ. "ಮಾವ, ಮಾತಿಗೆ ಹೇಳಿದ್ದಲ್ಲ ತಾನೇ? ತೆಪ್ಪಗಳನ್ನ ಹೊಳೆ ಮೇಲಕ್ಕೆ ಎಳ್ಕೊಂಡು ಹೋಗ್ಬಹುದು. ಆದ್ರೆ ಅಲ್ಲಿ ಸಿಹಿನೀರು. ಮೂರರಲ್ಲಿ ಒಂದು ಪಾಲು ಚಿಪ್ಪು ಸತ್ತೇ ಹೋಗತ್ತೆ. ಸುಮ್ ಸುಮ್ನೆ ಎಳೆಯೋ ಹಾಗಿಲ್ಲ."

"ಎಳೀಬೇಡ. ನನ್ನ ಮಾತು ನಂಬು."

ಅಡುಗೆಮನೆಯಿಂದ ಮಗಳು ಗಂಡನಿಗೆ ಹೇಳಿದ್ದು ಮಹಡಿಯ ಮೆಟ್ಟಿಲ ಮೇಲಿದ್ದ ಮೇಷ್ಟ್ರಿಗೂ ಕೇಳಿಸಿತು. "ಅಪ್ಪ ಹೇಳಿದ್ಮೇಲೆ ಮುಗೀತಲ್ಲ, ಇನ್ನೇನು ಯೋಚನೆ." ತಾಯಿಯಿಲ್ಲದ ಹುಡುಗಿ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯದಲ್ಲಿ ಅಪ್ಪನ ಸ್ಟೂಲಿನ ಪಕ್ಕ ಕೂತು ಬೆಳೆದವಳು. ಅವಳ ಪಾಲಿಗೆ ಅಪ್ಪ ಅಟೆಂಡರ್ ಆಗಿದ್ದದ್ದು ಬರೀ ಸಂಬಳದ ಪಟ್ಟಿಯಲ್ಲಿ.

ಮಗಳು, ಅಳಿಯ ತೆಪ್ಪ ಎಳೆಯಲಿಲ್ಲ ಎಂದು ಅಳಿವೆಯ ಉಳಿದವರೂ ಎಳೆಯಲಿಲ್ಲ.

ಶನಿವಾರ ಸಂಜೆ ಏಳರ ಸುಮಾರಿಗೆ ಗಾಳಿ ತಿರುಗಿತು. ನೂರಕ್ಕೆ ಮೂರಕ್ಕೆ ನಕ್ಕಿದ್ದ ದೋಣಿಯವರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಭಾನುವಾರ ಬೆಳಗ್ಗೆ ಮೇಷ್ಟ್ರು ಮಹಡಿಯ ಕಿಟಕಿ ತೆಗೆದಾಗ ತಂತಿಯ ಮೇಲಿನ ಬಟ್ಟೆಗಳೆಲ್ಲ ಊರ ಕಡೆ ಮುಖ ಮಾಡಿ ಹಾರುತ್ತಿದ್ದವು. ಕಡಲ ಕಡೆಯ ಗಾಳಿ, ಬಿರುಸಾಗಿಯೇ ಇತ್ತು. ರೇಡಿಯೋದಲ್ಲಿ ಗಂಟೆಗೆ ಮೂವತ್ತೈದು ಕಿಲೋಮೀಟರ್ ಅಂದರು. ಅವರು ಒಂದು ಹಾಳೆ ತೆಗೆದುಕೊಂಡರು. ತಮಾಷೆಗೆ ಎಂದು ತಮಗೆ ತಾವೇ ಹೇಳಿಕೊಂಡರು. ಮೂವತ್ತೈದರಲ್ಲಿ ನೂರಕ್ಕೆ ಮೂರು ಅಂದರೆ ಗಂಟೆಗೆ ಒಂದು ಕಿಲೋಮೀಟರಿಗೆ ತುಸು ಹೆಚ್ಚು. ಅರವತ್ತೈದು ಕಿಲೋಮೀಟರಿಗೆ ಅರವತ್ತೆರಡು ಗಂಟೆ. ಶನಿವಾರ ಸಂಜೆ ಏಳರಿಂದ ಬೆರಳು ಮಡಿಚುತ್ತಾ ಎಣಿಸಿದರು. ಮಂಗಳವಾರ ಬೆಳಗ್ಗೆ ಒಂಬತ್ತು.

ಪ್ರವಾಹ ದಕ್ಷಿಣಕ್ಕೆ ಎಳೆಯುವುದನ್ನೂ ಸೇರಿಸಿ ಮತ್ತೆ ಮಾಡಿದರು. ಕರಿಮಚ್ಚೆ ಆಗಲೇ ಊರಿಗಿಂತ ಅಗಲವಾಗಿತ್ತು. ತುಸು ದಕ್ಷಿಣಕ್ಕೆ ಜಾರಿದರೂ ಅದರ ಬಡಗಣ ಅಂಚು ನೇರ ಅಳಿವೆಯ ಬಾಯಿಗೇ ಬರುತ್ತಿತ್ತು. ಮೂರನೇ ಸಲ ಮಾಡಿದರು. ಎಲ್ಲಾದರೂ ಒಂದು ಕಡೆ ತಪ್ಪಿರಲಿ ಎಂದು ಬೇಡಿಕೊಳ್ಳುವವರ ಹಾಗೆ ಗುಣಾಕಾರವನ್ನು ಬಿಡಿಬಿಡಿಯಾಗಿ ಬರೆದು ನೋಡಿದರು. ತಪ್ಪಿರಲಿಲ್ಲ. ಗಡಿಯಾರ ಹತ್ತು ತೋರಿಸುತ್ತಿತ್ತು.

ಅಳಿವೆ ಮತ್ತು ಹೊಳೆಯ ನಡುವೆ ಕೆಸರಿನ ದಿಬ್ಬ ಅಡ್ಡ ಇದೆ. ಉಬ್ಬರದ ತುತ್ತತುದಿಯಲ್ಲಿ ಮಾತ್ರ ಅದರ ಮೇಲೆ ತೆಪ್ಪ ದಾಟುತ್ತದೆ. ಒಂದು ದೋಣಿಗೆ ಒಂದು ಉಬ್ಬರಕ್ಕೆ ಒಂದೇ ತೆಪ್ಪ. ಆ ದಿನದ ಉಬ್ಬರ ಮಧ್ಯಾಹ್ನ ಎರಡಕ್ಕೆ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು.

ಹಾಳೆ ಹಿಡಿದುಕೊಂಡು ಎದ್ದರು. ನಾಲ್ಕು ಮೆಟ್ಟಿಲು ಇಳಿದರು. ಕೆಳಗೆ ಹಿತ್ತಲಲ್ಲಿ ಅಳಿಯ ಹಗ್ಗ ಉಜ್ಜುತ್ತಿದ್ದ, ಮಗಳು ಅವನ ಯಾವುದೋ ಮಾತಿಗೆ ನಗುತ್ತಿದ್ದಳು. ಮೇಷ್ಟ್ರ ಕಾಲು ಅಲ್ಲೇ ನಿಂತಿತು. ಹೇಳಿದರೆ ಮಧ್ಯಾಹ್ನದೊಳಗೆ ಹತ್ತೂ ಮನೆಗೆ ಗೊತ್ತಾಗುತ್ತದೆ. ಸಂಜೆಯೊಳಗೆ ಕ್ಷೌರದಂಗಡಿಗೆ. ಆಮೇಲೆ ಟೈಪಿಸ್ಟಮ್ಮನಿಗೆ. ಆಕೆ ನಗುವವರಲ್ಲ, ಏನೂ ಅನ್ನುವವರೂ ಅಲ್ಲ. ಆ ಏನೂ ಅನ್ನದ ಮುಖವೇ ಅವರ ಕಣ್ಣ ಮುಂದೆ ಬಂದು ನಿಂತುಬಿಟ್ಟಿತು. ಈ ಕಾಲದಲ್ಲಿ ಗಾಳಿ ಎರಡು ದಿನ ಒಂದೇ ಕಡೆ ಬೀಸುವುದುಂಟೇ, ಸಂಜೆಯೊಳಗೆ ಇಳಿದೇ ಇಳಿಯುತ್ತದೆ, ಸುಮ್ಮನೆ ಮೂರರಲ್ಲೊಂದು ಪಾಲು ಚಿಪ್ಪು ಸಾಯಿಸುವುದು ಯಾಕೆ, ಎಂದುಕೊಂಡರು. ಹಾಳೆಯನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡು ಮೇಲಕ್ಕೆ ಹತ್ತಿದರು.

ಎರಡು ಗಂಟೆಗೆ ಕಿಟಕಿಯಿಂದ ನೋಡಿದರು. ಕೆಸರಿನ ದಿಬ್ಬ ನೀರಿನಡಿ ಹೋಯಿತು. ನಾಲ್ಕಕ್ಕೆ ಮತ್ತೆ ಬೆನ್ನು ತೋರಿಸಿತು. ಗಾಳಿ ಇಳಿಯಲಿಲ್ಲ.

ಊಟಕ್ಕೆ ಕೂತಾಗ ಮಗಳು, "ಯಾಕಪ್ಪ, ತಟ್ಟೆ ಮುಂದೆ ಧ್ಯಾನ?" ಅಂದಳು. "ಹಸಿವಿಲ್ಲ" ಅಂದರು.

ಸೋಮವಾರ ಬೆಳಗ್ಗೆಯೂ ಬಟ್ಟೆಗಳು ಊರ ಕಡೆಗೇ ಹಾರುತ್ತಿದ್ದವು. ಗಂಟೆಗೊಂದು ಸಲ ರೇಡಿಯೋ ಹಾಕಿದರು. ಪ್ರತಿ ಸಲವೂ ಇನ್ನೊಂದು ಗಂಟೆ ನೋಡೋಣ ಅಂದುಕೊಂಡರು. ಮಧ್ಯಾಹ್ನ ಮೂರರ ಉಬ್ಬರವೂ ಅವರ ಕಣ್ಣೆದುರೇ ಏರಿ ಇಳಿಯಿತು. ನಾಲ್ಕು ಗಂಟೆಗೆ ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಆಗ ಕೆಳಗಿಳಿದು ಬಂದು ಅಳಿಯನ ಮುಂದೆ ನಿಂತರು.

"ಎಳೀಬೇಕು. ನಾಳೆ ಬೆಳಗ್ಗೆಗೆ ಬರತ್ತೆ."

ಅಳಿಯ ಕೈಯಲ್ಲಿದ್ದದ್ದನ್ನು ಕೆಳಗಿಟ್ಟ. "ಯಾವುದು?"

"ಎಣ್ಣೆ. ಗಾಳಿ ತಿರುಗಿದೆ. ಈಗಷ್ಟೇ ಲೆಕ್ಕ ಹಾಕಿದೆ."

ಈಗಷ್ಟೇ ಎಂಬ ಪದ ಬಾಯಿಂದ ಬಿದ್ದ ಕೂಡಲೇ ಅದನ್ನು ವಾಪಸ್ಸು ತೆಗೆದುಕೊಳ್ಳಬೇಕು ಎನಿಸಿತು. ಆದರೆ ಅಳಿಯ ಆಗಲೇ ಓಡುತ್ತಿದ್ದ.

ನಸುಕಿನ ಮೂರೂವರೆಯ ಉಬ್ಬರದಲ್ಲಿ, ಮಗಳು ಮುಂದೆ ದೀಪ ಹಿಡಿದು ಕೂತು, ಅಳಿಯ ದೋಣಿ ನಡೆಸಿ, ಒಂದು ತೆಪ್ಪವನ್ನು ದಿಬ್ಬ ದಾಟಿಸಿದರು. ಉಳಿದ ಮನೆಯವರೂ ಒಬ್ಬೊಬ್ಬರು ಒಂದೊಂದು ಎಳೆದರು. ಇಬ್ಬರಿಗೆ ಅದೂ ಆಗಲಿಲ್ಲ. ನೀರು ಇಳಿದು ತೆಪ್ಪ ದಿಬ್ಬದ ಮೇಲೆ ಕೂತುಬಿಟ್ಟಿತು. ಮುಂದಿನ ಉಬ್ಬರಕ್ಕೆ ಸಂಜೆ ನಾಲ್ಕರವರೆಗೆ ಕಾಯಬೇಕಿತ್ತು.

ಒಂಬತ್ತೂವರೆಗೆ ಮೊದಲು ವಾಸನೆ ಬಂತು. ಪೆಟ್ರೋಲ್ ಬಂಕಿನಲ್ಲಿ ನಿಂತ ಹಾಗೆ. ದಡದಲ್ಲಿದ್ದವರು ಬಟ್ಟೆಯಲ್ಲಿ ಮೂಗು ಮುಚ್ಚಿಕೊಂಡರು. ಆಮೇಲೆ ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆ ಜಾರುತ್ತಾ ಬಂತು, ನೋಡಲು ಚಂದವಾಗಿಯೇ ಇತ್ತು. ಅದರ ಹಿಂದೆ ಬಂದದ್ದು ಎಣ್ಣೆಯ ಹಾಗೂ ಇರಲಿಲ್ಲ, ನೀರಿನ ಹಾಗೂ ಇರಲಿಲ್ಲ. ಎರಡೂ ಅಲೆಯಲ್ಲಿ ಕಡೆದು ಗಟ್ಟಿಯಾಗಿ, ತುಕ್ಕಿನ ಬಣ್ಣದ ಲೋಳೆಯಾಗಿತ್ತು. ಅಲೆ ಏಳುತ್ತಿರಲಿಲ್ಲ. ಇಡೀ ಅಳಿವೆ ಸದ್ದಿಲ್ಲದೆ ಉಸಿರಾಡುತ್ತಿರುವಂತೆ ಮೇಲೆ ಕೆಳಗೆ ಆಗುತ್ತಿತ್ತು. ಮಗಳು ಅಳಿಯನ ಉಳಿದ ಮೂರು ತೆಪ್ಪಗಳ ಸುತ್ತ ಅದು ಮೆಲ್ಲಗೆ ಕೂಡಿಕೊಂಡಿತು.

ಮಗಳು ಮೊಣಕಾಲುದ್ದ ನೀರಿನಲ್ಲಿ ನಿಂತು ಕೇಳಿದಳು. "ಚಿಪ್ಪು ಬಾಯಿ ಮುಚ್ಕೊಂಡಿರತ್ತೆ ಅಲ್ವಾಪ್ಪ? ಎಷ್ಟು ಹೊತ್ತು ಹಾಗೆ ಇರಬಲ್ಲದು?"

ಈಗಲೂ ಅವರನ್ನೇ ಕೇಳುತ್ತಿದ್ದಳು.

"ಒಂದೆರಡು ದಿನ ಇರಬಹುದು. ಆಮೇಲೆ ಉಸಿರಿಗೆ ಬಾಯಿ ತೆಗೀಲೇಬೇಕು."

"ಎರಡು ದಿನದಲ್ಲಿ ಇದು ಹೋಗತ್ತಾ?"



ಅದು ಹೋಗಲಿಲ್ಲ. ಗುರುವಾರ ಹಗ್ಗ ಎತ್ತಿ ನೋಡಿದರೆ ಚಿಪ್ಪುಗಳೆಲ್ಲ ಬಾಯಿ ತೆರೆದು, ಒಳಗೆ ಕಂದು ಲೋಳೆ ತುಂಬಿಕೊಂಡಿತ್ತು. ಮೀನುಗಾರಿಕೆ ಇಲಾಖೆಯವರು ಬಂದು ಅಳಿವೆಗೆ ಅಡ್ಡ ಹಗ್ಗ ಕಟ್ಟಿ, ಎರಡು ವರ್ಷ ಇಲ್ಲಿಂದ ಏನನ್ನೂ ತೆಗೆಯಬಾರದು ಎಂದು ಫಲಕ ನೆಟ್ಟರು. ಹೊಳೆಗೆ ಎಳೆದ ತೆಪ್ಪಗಳಲ್ಲಿ ಸಿಹಿನೀರಿಗೆ ಸತ್ತು ಉಳಿದದ್ದು ಮುಂದಿನ ಬೀಜಕ್ಕಾಗುವಷ್ಟು.

ಬೀದಿಯಲ್ಲಿ ಹೋಗುವಾಗ ಯಾರೋ ಹಿಂದಿನಿಂದ ಕೂಗಿದರು. "ಮೇಷ್ಟ್ರೇ, ಬಸ್ಸು ಬಂತಲ್ಲ." ಮೇಷ್ಟ್ರು ತಿರುಗಿ ನೋಡಲಿಲ್ಲ. ಅದನ್ನು ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಅಳಿಯನ ಮಾತು. ಸತ್ತ ಚಿಪ್ಪನ್ನು ಚೀಲಕ್ಕೆ ತುಂಬುತ್ತಾ ಅವನೇ ಮೇಷ್ಟ್ರನ್ನು ಸಮಾಧಾನ ಮಾಡಿದ. "ನೀವೇನು ಬೇಕಂತ ಹೇಳಿದ್ರಾ ಮಾವ? ಲೆಕ್ಕ ಹಾಕಿದ ತಕ್ಷಣ ಬಂದು ಹೇಳಿದ್ರಿ. ಅದ್ರಿಂದ ಒಂದಾದ್ರೂ ಉಳೀತು."

ಆ ಮಾತು ಕೇಳಿ ಮೇಷ್ಟ್ರು ಚೀಲ ಬಿಟ್ಟು ಬಂಡೆಯಾಚೆ ಹೋಗಿ ಕೂತರು. ಬೈದಿದ್ದರೆ ಬೈಗುಳದ ಕೆಳಗೆ ಅಡಗಿಕೊಳ್ಳಬಹುದಿತ್ತು.

ಶನಿವಾರ ಮಧ್ಯಾಹ್ನ ಮಗಳು ಹಿತ್ತಲಲ್ಲಿ ಸೀಮೆಎಣ್ಣೆ ಹಾಕಿ ಕೈ ತಿಕ್ಕಿಕೊಳ್ಳುತ್ತಿದ್ದಳು. ಉಗುರಿನ ಸಂದಿಯ ಕಂದು ಹೋಗುತ್ತಿರಲಿಲ್ಲ. ಮೇಷ್ಟ್ರು ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಅವಳ ಪಕ್ಕದ ಕಲ್ಲಿನ ಮೇಲಿಟ್ಟರು.

"ಏನಿದು?"

"ಲೆಕ್ಕ. ಭಾನುವಾರ ಬೆಳಗ್ಗೆ ಹಾಕಿದ್ದು."

"ಸೋಮವಾರ ಅಲ್ವಾ?"

"ಭಾನುವಾರ. ಹತ್ತು ಗಂಟೆಗೆ."

ಅವಳು ಕೈ ತಿಕ್ಕುವುದನ್ನು ನಿಲ್ಲಿಸಿದಳು. ಹಾಳೆ ಮುಟ್ಟಲಿಲ್ಲ. ಅಕ್ಷರ ಅಪ್ಪನದೇ, ಕೆಳಗೆ ಎರಡು ಗೆರೆ ಎಳೆದು ಬರೆದ 'ಮಂಗಳ ಬೆ. 9' ಅಲ್ಲಿಂದಲೇ ಕಾಣುತ್ತಿತ್ತು.

"ಮತ್ತೆ ಯಾಕೆ ಹೇಳಲಿಲ್ಲ?"

"ಸೋತೆ ಅಂತಾಗತ್ತೆ ಅಂತ."

"ಯಾರ ಹತ್ರ?"

"ಆ ಅಂಗಡಿಯಲ್ಲಿ."

ಅವಳು ತುಂಬ ಹೊತ್ತು ಅವರನ್ನೇ ನೋಡಿದಳು.  ಗುರುತು ಸಿಗದ ಯಾರನ್ನೋ ಎಲ್ಲಿ ನೋಡಿದ್ದೆ ಎಂದು ನೆನಪಿಸಿಕೊಳ್ಳುವವಳ ಹಾಗಿತ್ತು ಆ ನೋಟ.

"ಮೇಲೆ ಹೋಗಿ ಅಪ್ಪ" ಅಂದಳು. "ನನ್ನ ಕಣ್ಣ ಮುಂದೆ ಇರಬೇಡಿ ಸ್ವಲ್ಪ ಹೊತ್ತು."

ಆ ಸ್ವಲ್ಪ ಹೊತ್ತು ಎರಡು ತಿಂಗಳಾಯಿತು. ಊಟದ ತಟ್ಟೆ ಮೆಟ್ಟಿಲ ಮೇಲೆ ಬರುತ್ತಿತ್ತು, ತೊಳೆದಿಟ್ಟ ಬಟ್ಟೆ ಬರುತ್ತಿತ್ತು. ಮಾತು ಬರಲಿಲ್ಲ. ಅವಳು ಗಂಡನಿಗೆ ಹೇಳಿದಳೋ ಇಲ್ಲವೋ ಮೇಷ್ಟ್ರಿಗೆ ತಿಳಿಯಲಿಲ್ಲ. ಆದರೆ ಅಳಿಯನೂ ಮಾವ ಎಂದು ಕರೆಯುವುದು ಕಮ್ಮಿಯಾಯಿತು.

ಹಾಳೆ ತೋರಿಸಿದ ಮೂರು ದಿನಕ್ಕೆ, ಮಂಗಳವಾರ, ಮೇಷ್ಟ್ರು ಕ್ಷೌರದಂಗಡಿಗೆ ಹೋದರು. ಏಳೆಂಟು ಜನ ಇದ್ದರು. ತಿರುಗುವ ಕುರ್ಚಿಯಲ್ಲಿ ಕೂರದೆ, ಬಾಗಿಲ ಬಳಿ ನಿಂತೇ ಹೇಳಿದರು. ತಾನು ಮೇಷ್ಟ್ರಲ್ಲ, ಅಟೆಂಡರ್ ಆಗಿದ್ದವನು. ನೂರಕ್ಕೆ ಮೂರು ಸರಿ. ಅದು ಸರಿ ಎಂದು ಭಾನುವಾರವೇ ಗೊತ್ತಿತ್ತು, ಸೋಮವಾರ ಸಂಜೆಯವರೆಗೆ ಬಾಯಿ ಬಿಡಲಿಲ್ಲ.  ದೋಣಿಯವರಲ್ಲಿ ಒಬ್ಬ ಎದ್ದು, ಅವರ ಮುಖವನ್ನೂ ನೋಡದೆ ಹೊರಗೆ ಹೋದ. ಅವನದು ದಿಬ್ಬದ ಮೇಲೆ ಕೂತುಹೋದ ತೆಪ್ಪ.

ಕಪ್ಪುಕುಳಿ ಟವೆಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕೋನು ನಾನೇ" ಅಂದ.

ಮೇಷ್ಟ್ರು ಟೈಪಿಸ್ಟಮ್ಮನ ಕಡೆ ತಿರುಗಿ ಕೈ ಮುಗಿದರು. ಆಕೆ ಆ ಕೈಗಳನ್ನು ನೋಡಲಿಲ್ಲ.

"ನನಗೆ ಕೈ ಮುಗಿದು ಏನಾಗ್ಬೇಕು?" ಅಂದರು. "ಭಾನುವಾರ ಬೆಳಗ್ಗೆ ನನಗೂ ಗೊತ್ತಾಗಿತ್ತು. ನನ್ನ ಮನೇಲೂ ಕಿಟಕಿ ಇದೆ. ಅಳಿವೆಗೆ ಹತ್ತು ನಿಮಿಷದ ದಾರಿ. ಚಪ್ಪಲಿ ಹಾಕ್ಕೊಂಡೆ. ಆಮೇಲೆ, ಹೋಗಿ ಹೇಳಿದ್ರೆ ಮತ್ತೆ ನಗ್ತಾರೆ ಅಂತ ಬಿಚ್ಚಿಟ್ಟೆ." ಆಕೆ ಕೈಚೀಲ ಎತ್ತಿ ಮಡಿಲಿಗಿಟ್ಟುಕೊಂಡರು. "ನೀವು ನಿಮ್ಮ ಪಾಲು ಒಪ್ಕೊಂಡ್ರಿ. ನನ್ನ ಪಾಲು ನಾನು ಯಾರ ಹತ್ರ ಹೇಳ್ಲಿ?"

ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ಆಮೇಲೆ ಆ ಅಂಗಡಿಯಲ್ಲಿ ಮಂಗಳವಾರದ ಸಭೆ ಸೇರಲಿಲ್ಲ.

ಮಾರನೆಯ ದಿನದಿಂದ ಮೇಷ್ಟ್ರು ದಡದ ಬಂಡೆಗಳಿಗೆ ಅಂಟಿದ ಎಣ್ಣೆ ಕೆರೆಯುವ ಕೆಲಸಕ್ಕೆ ಹೋದರು. ಊರಿನವರೇ ಗುಂಪು ಕಟ್ಟಿಕೊಂಡು ಮಾಡುತ್ತಿದ್ದ ಕೆಲಸ. ಕೈಗವಸು, ಕಬ್ಬಿಣದ ಕರಣೆ, ಒಂದು ಬಕೆಟ್. ಕೆರೆದು ತುಂಬಿದ ಲೋಳೆಯನ್ನು ಡ್ರಮ್ಮಿಗೆ ಸುರಿಯಬೇಕು. ಇವತ್ತು ಕೆರೆದ ಬಂಡೆಗೆ ನಾಳೆಯ ಉಬ್ಬರ ಮತ್ತೆ ಬಳಿದು ಹೋಗುತ್ತಿತ್ತು. ಬಾವಿಯ ಬಾಯಿ ಮುಚ್ಚಿದ್ದು ನಲವತ್ತು ದಿನದ ಮೇಲೆ. ಅಲ್ಲಿಯವರೆಗೆ ದಿನಾ ಅದೇ ಬಂಡೆ. ಮೇಷ್ಟ್ರಿಗೆ ಕೆಮ್ಮು ಹತ್ತಿಕೊಂಡಿತು. "ವಯಸ್ಸಾದವರು, ಮನೆಗೆ ಹೋಗಿ" ಎಂದು ಉಳಿದವರು ಅಂದರೂ ಹೋಗಲಿಲ್ಲ. ಮಗಳೂ ಬರುತ್ತಿದ್ದಳು, ಇನ್ನೊಂದು ತುದಿಯ ಬಂಡೆಗಳಿಗೆ.

ಎರಡನೇ ತಿಂಗಳ ಕೊನೆಗೆ ಕೆರೆಯುವವರ ಸಂಖ್ಯೆ ಕಮ್ಮಿಯಾಗಿ ತುದಿಗಳು ಹತ್ತಿರ ಬಂದವು. ಒಂದು ಬೆಳಗ್ಗೆ ಅಪ್ಪ ಮಗಳು ಒಂದೇ ಬಂಡೆಯ ಎರಡು ಮಗ್ಗುಲಲ್ಲಿ ಕೂತಿದ್ದರು. ಮೇಷ್ಟ್ರು ಕೆಮ್ಮಿದರು, ನಿಲ್ಲಿಸಲಾಗದೆ ಬಾಗಿ ಕೆಮ್ಮಿದರು. ಕೆಮ್ಮು ಇಳಿದ ಮೇಲೆ ಆ ಕಡೆಯಿಂದ ಮಾತು ಬಂತು.

"ನಾನೂ ಲೆಕ್ಕ ಹಾಕಿ ನೋಡ್ದೆ" ಅಂದಳು ಮಗಳು. ಕರಣೆ ನಿಲ್ಲಿಸಿರಲಿಲ್ಲ. "ನೀವು ಭಾನುವಾರ ಹೇಳಿದ್ರೂ ಎಲ್ಲಾ ಏನೂ ಉಳೀತಿರಲಿಲ್ಲ. ಮಧ್ಯರಾತ್ರಿ ಮೇಲಿನ ಉಬ್ಬರದಲ್ಲಿ ಎಳೆಯೋದು ಕಷ್ಟ. ಹೆಚ್ಚಂದ್ರೆ ಇನ್ನೊಂದು ಉಳೀತಿತ್ತು. ಎರಡೇ ಅಂತಿಟ್ಕೊಳ್ಳಿ."

ಮೇಷ್ಟ್ರಿಗೆ ಅರ್ಥವಾಯಿತು. ಅವಳು ಎರಡು ತಿಂಗಳು ಕೂತು, ಸುತ್ತಿ ಬಳಸಿ, ಅಪ್ಪನಿಗೆ ನಿಲ್ಲಲು ಒಂದು ಅಂಗುಲ ಜಾಗ ಹುಡುಕಿಕೊಂಡು ಬಂದಿದ್ದಳು. ಹ್ಞೂಂ ಅಂದರೆ ಸಾಕಿತ್ತು. ಮನೆಯಲ್ಲಿ ಮತ್ತೆ ಮಾತು ಶುರುವಾಗುತ್ತಿತ್ತು. ಅವರಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

"ಮಂಗಳವಾರ ನಸುಕಿನಲ್ಲಿ ಎಳೆದ್ರಲ್ಲ, ದೀಪ ಹಿಡ್ಕೊಂಡು" ಅಂದರು.  "ಸೋಮವಾರ ನಸುಕಿನಲ್ಲೂ ಎಳೀಬಹುದಿತ್ತು. ಭಾನುವಾರ ಮಧ್ಯಾಹ್ನ ಒಂದು, ಸೋಮವಾರ ಎರಡು, ಮಂಗಳವಾರ ಒಂದು. ನಾಲ್ಕೂ ಉಳೀತಿತ್ತು ಮಗಳೇ."

ಕರಣೆಯ ಸದ್ದು ನಿಂತಿತು. ನೀರು ಬಂಡೆಯ ಬುಡಕ್ಕೆ ಬಂದು ಹೋಯಿತು, ಮತ್ತೆ ಬಂತು. ಮೇಷ್ಟ್ರಿಗೆ ತಲೆ ಎತ್ತುವ ಧೈರ್ಯವಾಗಲಿಲ್ಲ. ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಕೇಳಿತು, ಒಂದು ಸಲ, ಎರಡು ಸಲ. ಎದ್ದು ಹೋಗುತ್ತಾಳೆ ಎಂದುಕೊಂಡು ಕಾದರು.

ಅವಳು ಹೋಗಲಿಲ್ಲ. ಹತ್ತಿರ ಬರಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಂಡೆಯ ಆ ಮಗ್ಗುಲಲ್ಲಿ ಕರಣೆ ಮತ್ತೆ ಕೆರೆಯತೊಡಗಿತು.